ಸಾಣೆ ಹಿಡಿದಿರಿ, ಬರ್ ತೆಗೆದಿರಾ?

"ಸ್ಕೈವಿಂಗ್ ಮೆಷಿನ್ ಬ್ಲೇಡ್ ಹೋಯ್ತು ಮಾರಾಯ್ರೆ, ಹೊಸದು ತಗೊಂಡು ಬನ್ನಿ."

ಚರ್ಮದ ಅಂಚು ತೆಳ್ಳಗೆ ಹೆರೆಯುವ ಮೆಷಿನ್ ಅದು. ಇಂಥ ಫೋನ್ ಬಂದಾಗಲೆಲ್ಲ ಸಾಣೆ ಹಿಡಿದ್ರಾ ಅಂತ ಕೇಳುತ್ತೇನೆ. "ಬೆಳಿಗ್ಗೆಯಿಂದ ಅದೇ ಕೆಲಸ!" ಬರ್ ತೆಗೆದ್ರಾ? ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದೆಂತ?"

ನನ್ನ ವರ್ಕ್‌ಶಾಪ್ ಇರುವುದು ಕುಮಟಾದಲ್ಲಿ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿವರೆಗೆ ಚಪ್ಪಲಿ, ಬ್ಯಾಗು, ಬೆಲ್ಟು ಮಾಡುವವರ ಮೆಷಿನ್ ರಿಪೇರಿ ಮಾಡುತ್ತೇನೆ. ರಂಪಿಗೆ ಹಿಡಿದು ಚರ್ಮದ ಅಂಚು ಹೆರೆಯುವುದರಲ್ಲಿ ಇವರದು ಎತ್ತಿದ ಕೈ. ಆ ರಂಪಿಗೆಯನ್ನು ಕಲ್ಲಿಗೆ ತಿಕ್ಕಿದ ಮೇಲೆ ಮಗುಚಿ ಇನ್ನೊಂದು ಬದಿಯನ್ನೂ ಒಮ್ಮೆ ಎಳೆಯುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಜನ ಮೋಟಾರು ತಿರುಗುವ ಬ್ಲೇಡಿನ ಮುಂದೆ ಕೂತರೆ ಎಲ್ಲ ಮರೆತುಬಿಡುತ್ತಾರೆ. ಯಾಕೋ ಗೊತ್ತಿಲ್ಲ.

ವಿಷಯ ಇಷ್ಟೇ. ಬ್ಲೇಡ್ ಗಂಟೆಯ ಹಾಗೆ ಟೊಳ್ಳು. ಸಾಣೆಕಲ್ಲು ಅದರ ಒಳಗಿದೆ, ಹಾಗಾಗಿ ಅಂಚು ಸವೆಯುವುದು ಒಳಗಿನಿಂದ. ಸವೆದು ಸವೆದು ಕೊನೆಗೆ ತುದಿಯಲ್ಲಿ ಕೂದಲಿಗಿಂತ ತೆಳ್ಳಗಿನ ಉಕ್ಕಿನ ಪದರ ಉಳಿಯುತ್ತದೆ. ಕಲ್ಲು ಒಳಗಿಂದ ಒತ್ತುವುದರಿಂದ ಅದು ಹೊರಗೆ ಬಾಗುತ್ತದೆ. ಅದೇ ಬರ್. ಕಣ್ಣಿಗೆ ಕಾಣುವುದಿಲ್ಲ. ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಬ್ಲೇಡ್ ಪೂರ್ತಿ ನಿಂತ ಮೇಲೆ ಬೆರಳಿನ ಉಗುರನ್ನು ಹೊರಮೈಯಿಂದ ಅಂಚಿನ ಕಡೆಗೆ ಮೆಲ್ಲಗೆ ಜಾರಿಸಿ. ತುದಿಯಲ್ಲಿ ಉಗುರು ಸಿಕ್ಕಿದ ಹಾಗಾದರೆ ಬರ್ ಇದೆ. ಸ್ವಿಚ್ ಆಫ್ ಆದ ಮೇಲೂ ಬ್ಲೇಡ್ ಸುಮಾರು ಹೊತ್ತು ತಿರುಗುತ್ತಿರುತ್ತದೆ, ಸದ್ದೇ ಇರುವುದಿಲ್ಲ. ಅವಸರ ಮಾಡಬೇಡಿ.

ಬರ್ ಇರುವ ಬ್ಲೇಡ್ ಒಂದು ನಿಮಿಷ ಚೆನ್ನಾಗಿ ಕೊಯ್ಯುತ್ತದೆ. ಮೋಸ ಹೋಗುವುದು ಅಲ್ಲೇ. ಆಮೇಲೆ ಆ ಪದರ ಮಡಚುತ್ತದೆ, ಅಲ್ಲಲ್ಲಿ ಮುರಿಯುತ್ತದೆ. ಕ್ರೋಮ್ ಹಾಕಿ ಹದ ಮಾಡಿದ ಮೆತ್ತನೆಯ ಚರ್ಮ ಕೊಟ್ಟರೆ ಅಂಚು ಸುಕ್ಕುಗಟ್ಟಿ, ಹರಿದು, ಇಲಿ ಕಡಿದ ಹಾಗೆ ಹೊರಬರುತ್ತದೆ. ನೀವು ಬ್ಲೇಡ್ ಮೊಂಡಾಯಿತು ಅಂತ ಮತ್ತೆ ಸಾಣೆ ಹಿಡಿಯುತ್ತೀರಿ. ಮತ್ತೆ ಬರ್. ಮತ್ತೆ ಸಾಣೆ. ಮೂರು ತಿಂಗಳು ಬರಬೇಕಾದ ಬ್ಲೇಡ್ ಮೂರು ವಾರಕ್ಕೆ ಗಿಡ್ಡ.

ಒಮ್ಮೆ ಮಾರಿಕಾಂಬಾ ಜಾತ್ರೆಗೆ ಹದಿನೈದು ದಿನ ಇರುವಾಗ ಶಿರಸಿಯಿಂದ ಒಬ್ಬ ಹುಡುಗನ ಫೋನ್ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಪರ್ಸು, ಬೆಲ್ಟಿನ ಆರ್ಡರ್ ರಾಶಿ ಬಿದ್ದಿತ್ತು. ದೇವಿಮನೆ ಘಟ್ಟ ಹತ್ತಿ ಹೋದೆ. ಸಾಣೆಕಲ್ಲನ್ನು ಬ್ಲೇಡಿಗೆ ಒತ್ತಿಯೇ ಬಿಟ್ಟಿದ್ದ, ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಕಿಡಿ ಹಾರುತ್ತಿತ್ತು. ಅಂಚಿನ ಒಂದು ಕಡೆ ಉಕ್ಕು ನೀಲಿಯಾಗಿತ್ತು. ಆ ಬಣ್ಣ ಬರಬೇಕಾದರೆ ಸುಮಾರು 300 ಡಿಗ್ರಿ ಬಿಸಿಯಾಗಿರಬೇಕು. ಅಷ್ಟು ಕಾದ ಉಕ್ಕು ಮೆತ್ತಗಾಗುತ್ತದೆ, ಹರಿತ ನಿಲ್ಲುವುದಿಲ್ಲ.

ಅವನ ಅಮ್ಮ ಪಕ್ಕದಲ್ಲೇ ಮೆಟ್ಟುಗತ್ತಿಯ ಮೇಲೆ ಕೂತು ಎಳೆ ಹಲಸಿನಕಾಯಿ ಹೆಚ್ಚುತ್ತಿದ್ದರು. ಮೇಣ ಅಂಟದ ಹಾಗೆ ಕತ್ತಿಗೆ ಎಣ್ಣೆ ಸವರಿದ್ದರು. ನಾನು ಬರ್ ಬಗ್ಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡು, ತಲೆ ಎತ್ತದೆ ಅಂದರು: "ಒಂದೇ ಬದಿ ತಿಕ್ಕಿರೆ ಕತ್ತಿ ಹರಿತ ಆಗ್ತದ್ಯೋ ತಮಾ?" ಹುಡುಗ ನನ್ನ ಮುಖ ನೋಡಿದ. ನಾನು ಗಂಟೆಗಟ್ಟಲೆ ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಮಾಡಬೇಕಾದದ್ದು ಹೀಗೆ. ಸಾಣೆಕಲ್ಲನ್ನು ಮೆಲ್ಲಗೆ ತಾಗಿಸಿ, ಸಣ್ಣ ಕಿಡಿ ಕಂಡರೆ ಸಾಕು, ಕೆಲವೇ ಸೆಕೆಂಡು. ಕಲ್ಲನ್ನು ಹಿಂದೆ ಸರಿಸಿ. ಬ್ಲೇಡ್ ತಿರುಗುತ್ತಿರುವಾಗಲೇ ಗಟ್ಟಿಯಾದ ನಯ ಕಲ್ಲೊಂದನ್ನು ಹೊರಮೈಗೆ ಚಪ್ಪಟೆಯಾಗಿ, ಭಾರ ಹಾಕದೆ ತಾಗಿಸಿ. ಓರೆ ಹಿಡಿದರೆ ಹೊಸ ಅಂಚು ಹಾಳಾಗುತ್ತದೆ. ಮತ್ತೆ ಒಳಗಿನ ಕಲ್ಲನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿಸಿ, ಇನ್ನೊಮ್ಮೆ ಹೊರಗಿನದು. ಕೆಲವು ಮೆಷಿನ್‌ಗಳಲ್ಲಿ ಬರ್ ತೆಗೆಯಲು ಬೇರೆಯೇ ವ್ಯವಸ್ಥೆ ಇರುತ್ತದೆ, ಕೈಪಿಡಿ ನೋಡಿ. ಈ ಕೆಲಸ ಹಿಂದೆ ಮಾಡಿಲ್ಲದಿದ್ದರೆ ಮೊದಲ ಸಲ ಗೊತ್ತಿದ್ದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಇದನ್ನು ಓದಿ ಯಾರಾದರೂ ಬೆರಳು ಕೊಯ್ದುಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಇಷ್ಟಾದರೂ ಸರಿ ಹೋಗದಿದ್ದರೆ ಸಾಣೆಕಲ್ಲು ನೋಡಿ. ಕಪ್ಪಾಗಿ ಹೊಳೆಯುತ್ತಿದ್ದರೆ ಅದರ ಬಾಯಿ ಮುಚ್ಚಿದೆ, ಅಂದರೆ ಕಾಳುಗಳ ಸಂದಿನಲ್ಲಿ ಕೊಳೆ ತುಂಬಿದೆ. ಡ್ರೆಸ್ಸಿಂಗ್ ಸ್ಟಿಕ್ (ಕಲ್ಲನ್ನು ಕೆರೆಯುವ ಗಟ್ಟಿ ಕಡ್ಡಿ) ಹಿಡಿದು ಮೇಲ್ಪದರ ಬಿಡಿಸಬೇಕು. ಬಾಯಿ ಮುಚ್ಚುವುದಕ್ಕೆ ಹೆಚ್ಚಾಗಿ ಸಲ್ಯೂಷನ್ನೇ ಕಾರಣ. ಅಂಟು ಬಳಿದ ಚರ್ಮವನ್ನು ಸ್ಕೈವಿಂಗ್‌ಗೆ ಕೊಡುತ್ತಾರೆ! ಆ ಹುಡುಗನ ಅಮ್ಮನ ಹಾಗೆ ಎಣ್ಣೆ ಸವರಿ ಪಾರಾಗಲು ಇಲ್ಲಿ ಆಗುವುದಿಲ್ಲ, ಚರ್ಮಕ್ಕೆ ಕಲೆ, ಕಲ್ಲಿಗೆ ಜಿಡ್ಡು. ಮೊದಲು ಹೆರೆಯಿರಿ, ಆಮೇಲೆ ಅಂಟು. ಸವೆದ ಬ್ಲೇಡನ್ನು ಪ್ರೆಸ್ಸರ್ ಫುಟ್ (ಚರ್ಮವನ್ನು ಒತ್ತಿ ಹಿಡಿಯುವ ಪಾದ) ಹತ್ತಿರ ತರುವುದೂ ನೆನಪಿರಲಿ. ಹೆಚ್ಚಿನ ಮೆಷಿನ್‌ಗಳಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು ಸಂದು ಇರಬೇಕು, ನಿಮ್ಮ ಮೆಷಿನ್‌ದು ಬೇರೆ ಇದ್ದೀತು.

ಕರಾವಳಿಯವರಿಗೆ ಇನ್ನೊಂದು. ಮಳೆಗಾಲದಲ್ಲಿ ರಾತ್ರಿ ಮೆಷಿನ್ ಬಿಟ್ಟು ಹೋಗುವಾಗ ಬ್ಲೇಡಿನ ಒಳಗೆ ಕೂತ ಚರ್ಮದ ಹೊಟ್ಟು ತೆಗೆಯಿರಿ. ಅದು ತೇವ ಹಿಡಿದಿಡುತ್ತದೆ. ಬೆಳಿಗ್ಗೆ ನೋಡಿದರೆ ಅಂಚಿನ ಮೇಲೆ ಕೆಂಪು ಚುಕ್ಕಿ, ಪ್ರತಿ ಚುಕ್ಕಿಯೂ ಒಂದು ಹಲ್ಲು ಮುರಿದ ಜಾಗ. ಮೆಷಿನ್ ನಿಲ್ಲಿಸಿ ಬ್ಲೇಡಿಗೆ ಬಟ್ಟೆಯಲ್ಲಿ ಒಂದು ಹನಿ ಮೆಷಿನ್ ಎಣ್ಣೆ ಸವರಿ, ಬೆಳಿಗ್ಗೆ ಕೆಲಸಕ್ಕೆ ಮುಂಚೆ ಪೂರ್ತಿ ಒರೆಸಿ ತೆಗೆಯಿರಿ.

ಶಿರಸಿಯ ಹುಡುಗನಿಗೆ ಆವತ್ತು ಒಂದು ನಯ ಕಲ್ಲು ಕೊಟ್ಟು ಬಂದಿದ್ದೆ. ಅವನ ಅಮ್ಮ ನನಗೆ ತೊಡದೇವು ಕಟ್ಟಿ ಕೊಟ್ಟಿದ್ದರು. ಮೊನ್ನೆ ಆ ಕಡೆ ಹೋದಾಗ ನೋಡಿದೆ, ಕಲ್ಲು ಮೆಷಿನ್ ಹತ್ತಿರ ಇರಲಿಲ್ಲ. ಎಲ್ಲಿ ಅಂತ ಕೇಳಿದೆ.

"ಅಮ್ಮ ಮೆಟ್ಟುಗತ್ತಿಗೆ ಇಟ್ಕಂಡಿದ್ದು. ಬೇಕಾದಾಗ ಕೇಳಿ ತಗಳ್ತೆ."