ಬಂಡಾಯದ ಹಾಡು, ಕಂಪನಿಯ ಕರಾರು

2009ರ ಕ್ರಿಸ್‌ಮಸ್ ವಾರ. ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಯಾರಿಗೆ ಅಂತ ಭಾರಿ ಜಿದ್ದಾಜಿದ್ದಿ. ಅದಕ್ಕೆ ಹಿಂದಿನ ನಾಲ್ಕು ವರ್ಷವೂ ‘ಎಕ್ಸ್ ಫ್ಯಾಕ್ಟರ್’ ಟಿವಿ ಸ್ಪರ್ಧೆ ಗೆದ್ದವರ ಹಾಡೇ ಆ ಜಾಗದಲ್ಲಿ ಕೂತಿತ್ತು. ಬೇಸತ್ತ ಕೇಳುಗರು ಫೇಸ್‌ಬುಕ್‌ನಲ್ಲಿ ಒಟ್ಟಾದರು. ‘ರೇಜ್ ಅಗೇನ್‌ಸ್ಟ್ ದ ಮಷೀನ್’ ತಂಡದ 1992ರ ಹಾಡೊಂದನ್ನು ಎಲ್ಲರೂ ಅದೇ ವಾರ ಕೊಂಡರು. ಹೇಳಿದ ಹಾಗೆ ಕೇಳಲ್ಲ ಅಂತ ಕಿರುಚುವ ಹಾಡು ಅದು. 5 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು, ಟಿವಿ ಗಾಯಕ ಸೋತ. ಆದರೆ ಎರಡೂ ಹಾಡು ಸೋನಿ ಮ್ಯೂಸಿಕ್ ಬಳಗದವೇ! ಯಾರು ಗೆದ್ದರೂ ಹಣ ಒಂದೇ ಗಲ್ಲಾಪೆಟ್ಟಿಗೆಗೆ.

ಗಾಯಕರ ಪರವಾಗಿ ಕರಾರು ಓದಿ ಕೊಡುವುದು ನನ್ನ ಕೆಲಸ. ‘ವ್ಯವಸ್ಥೆಯನ್ನು ಬೈಯಬಾರದು’ ಎಂಬ ಷರತ್ತನ್ನು ನಾನು ಯಾವ ಕರಾರಿನಲ್ಲೂ ನೋಡಿಲ್ಲ. ಯಾರ ಮಾನಹಾನಿಯೂ ಆಗಬಾರದು, ಟ್ಯೂನ್ ಕದ್ದದ್ದಾಗಿರಬಾರದು, ಇಷ್ಟು ಇರುತ್ತದೆ. ನಿಮ್ಮ ಸಿಟ್ಟು ಮಾರಾಟ ಆಗುತ್ತದೆ ಅಂದರೆ ಕಂಪನಿಗೆ ತಕರಾರೇ ಇಲ್ಲ. ಹಾಗಾಗಿ ಜನಪ್ರಿಯ ಸಂಗೀತದ ಸಿದ್ಧಾಂತ ಯಾವುದು ಅಂತ ಯಾರಾದರೂ ಕೇಳಿದರೆ, ಸಾಹಿತ್ಯ ಬಿಡಿ, ಕರಾರು ತೋರಿಸಿ ಅನ್ನುತ್ತೇನೆ.

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಬರೆದ ಹಾಡು, ಅಂದರೆ ಪದ ಮತ್ತು ಟ್ಯೂನ್, ಒಂದು. ರೆಕಾರ್ಡ್ ಮಾಡಿದ ಧ್ವನಿ ಇನ್ನೊಂದು. ಇದಕ್ಕೆ ಮಾಸ್ಟರ್ ಅನ್ನುತ್ತಾರೆ. ಹೊಸ ಗಾಯಕರಿಗೆ ಬರುವ ಕರಾರಿನಲ್ಲಿ ಸಾಮಾನ್ಯವಾಗಿ ಮಾಸ್ಟರ್ ಕಂಪನಿಯದ್ದೇ. ಟೇಲರ್ ಸ್ವಿಫ್ಟ್ ಅವರ ಮೊದಲ ಆರು ಆಲ್ಬಮ್‌ಗಳ ಮಾಸ್ಟರ್‌ಗಳು 2019ರಲ್ಲಿ ಅವರಿಗೆ ಬೇಡವಾದವರ ಕೈಗೆ ಹೋದದ್ದು ಹೀಗೆ. ಹಾಡು ಬರೆದ ಹಕ್ಕು ಅವರಲ್ಲಿ ಉಳಿದಿತ್ತು, ಅದರ ಬಲದಿಂದ 2021ರಿಂದ ಹಳೆಯ ಆಲ್ಬಮ್‌ಗಳನ್ನು ಮತ್ತೆ ಹಾಡಿ ಬಿಡುಗಡೆ ಮಾಡಿದರು. ಕೊನೆಗೆ 2025ರಲ್ಲಿ ಹಳೆಯ ಮಾಸ್ಟರ್‌ಗಳನ್ನೂ ಕೊಂಡುಕೊಂಡರು. ಅಷ್ಟು ಕೇಳುಗರು, ಅಷ್ಟು ದುಡ್ಡು ಎಷ್ಟು ಜನರಿಗಿರುತ್ತದೆ?

ಇನ್ನು ಮುಂಗಡ. ಇಲ್ಲೇ ಹುಡುಗರ ಕಣ್ಣು ಮಂಜಾಗುವುದು. ಉದಾಹರಣೆಗೆ 1 ಲಕ್ಷ ಡಾಲರ್ ಮುಂಗಡ, 20 ಶೇಕಡಾ ರಾಯಲ್ಟಿ ಅಂತಿಟ್ಟುಕೊಳ್ಳಿ. ಮುಂಗಡ ವಸೂಲಾಗುವುದು ಗಾಯಕನ ಆ 20ರ ಪಾಲಿನಿಂದ. ಹಾಡಿನಿಂದ 5 ಲಕ್ಷ ಡಾಲರ್ ಬರುವ ತನಕ ಅವನಿಗೆ ಮತ್ತೊಂದು ಕಾಸೂ ಇಲ್ಲ. ಅಷ್ಟರಲ್ಲಿ ಕಂಪನಿ ತನ್ನ ಪಾಲಿನ 4 ಲಕ್ಷ ಎಣಿಸಿರುತ್ತದೆ. ವಿಡಿಯೊ, ಸ್ಟುಡಿಯೊ ಖರ್ಚನ್ನೂ ಅವನ ಲೆಕ್ಕಕ್ಕೇ ಬರೆದಿದ್ದರೆ ದಾರಿ ಇನ್ನೂ ಉದ್ದ. ಈ ವೃತ್ತಿಯಲ್ಲಿ ಹಳೆಯ ಮಾತೊಂದಿದೆ: ಸಾಲ ಪೂರ್ತಿ ತೀರಿಸಿದ ಮೇಲೂ ಮನೆ ಬ್ಯಾಂಕಿನ ಹೆಸರಲ್ಲೇ ಇರುತ್ತದೆ. ಅಂದರೆ ಮುಂಗಡ ತೀರಿದರೂ ಮಾಸ್ಟರ್ ಕಂಪನಿಯದ್ದೇ. ಕಂಪನಿಯ ವಾದವೂ ಸುಳ್ಳಲ್ಲ. ಓಡದ ಹಾಡುಗಳ ನಷ್ಟ ಅದೇ ಹೊರುತ್ತದೆ, ವಸೂಲಾಗದ ಮುಂಗಡವನ್ನು ಗಾಯಕ ವಾಪಸ್ ಕೊಡಬೇಕಿಲ್ಲ. ಆದರೆ ನಷ್ಟದ ಭಯಕ್ಕೆ ಹಕ್ಕನ್ನೇ ಬರೆಸಿಕೊಳ್ಳಬೇಕಾ? ಅದು ವ್ಯಾಪಾರದ ನಿಯಮ ಅಲ್ಲ, ಬಲ ಯಾರ ಕೈಲಿದೆ ಅನ್ನುವ ಪ್ರಶ್ನೆ.

ಬಲ ಮೂರು ರೆಕಾರ್ಡ್ ಕಂಪನಿಗಳಲ್ಲಿ ಕೂಡಿಕೊಂಡಿದೆ: ಯೂನಿವರ್ಸಲ್, ಸೋನಿ, ವಾರ್ನರ್. ನಾಲ್ಕನೆಯದಾಗಿದ್ದ ಇಎಂಐ 2012ರಲ್ಲಿ ಹರಿದು ಹಂಚಿಹೋಯಿತು.

ಹಾಗಾದರೆ ಕಂಪನಿಗಳು ಯಾರ ಬಾಯನ್ನೂ ಮುಚ್ಚಿಸುವುದಿಲ್ಲವೇ? ಮುಚ್ಚಿಸುತ್ತವೆ, ಆದರೆ ಹಾಡು ಬರೆಯುವಾಗ ಅಲ್ಲ, ಹಾಡು ಜನರಿಗೆ ತಲುಪುವ ದಾರಿಯಲ್ಲಿ. ಅಮೆರಿಕದಲ್ಲಿ ಒಂದು ಕಂಪನಿ ದೇಶದಾದ್ಯಂತ 40 ರೇಡಿಯೊ ಕೇಂದ್ರಗಳನ್ನಷ್ಟೇ ಹೊಂದಬಹುದಿತ್ತು. 1996ರ ಕಾಯ್ದೆ ಈ ಮಿತಿಯನ್ನು ತೆಗೆಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಕಂಪನಿಯ ಬಳಿ 1,200ಕ್ಕೂ ಹೆಚ್ಚು ಕೇಂದ್ರಗಳಾದವು. 2003ರಲ್ಲಿ ಇರಾಕ್ ಯುದ್ಧದ ಹೊಸ್ತಿಲಲ್ಲಿ ಅಮೆರಿಕದ ಡಿಕ್ಸಿ ಚಿಕ್ಸ್ ಎಂಬ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಶೈಲಿ) ಸಂಗೀತ ತಂಡದ ಗಾಯಕಿ ಲಂಡನ್ ವೇದಿಕೆಯಲ್ಲಿ ತಮ್ಮ ಅಧ್ಯಕ್ಷರ ವಿರುದ್ಧ ಒಂದು ಮಾತು ಆಡಿದರು. ಕ್ಯುಮುಲಸ್ ಎಂಬ ಇನ್ನೊಂದು ರೇಡಿಯೊ ಕಂಪನಿ ತನ್ನ ಕಂಟ್ರಿ ಸಂಗೀತದ ಕೇಂದ್ರಗಳಿಂದಲೇ ತಂಡದ ಹಾಡುಗಳನ್ನು ತಿಂಗಳ ಮಟ್ಟಿಗೆ ತೆಗೆಸಿತು. ಕೇಳುಗರು ಸಿಟ್ಟಾಗಿದ್ದು ನಿಜ. ಆದರೂ ಬೇರೆ ಬೇರೆ ಊರಿನ ಕೇಂದ್ರಗಳ ಪರವಾಗಿ ಒಂದೇ ಕಚೇರಿ ತೀರ್ಮಾನ ಮಾಡಿತಲ್ಲ, ಅದು ಗಮನಿಸಬೇಕಾದದ್ದು.

ಈಗ ಆ ದಾರಿ ಸ್ಟ್ರೀಮಿಂಗ್. ಇಲ್ಲಿ ಯಾರೂ ನಿಷೇಧಿಸುವುದಿಲ್ಲ, ಸುಮ್ನೆ ನಿಮಗೆ ಕಾಣಿಸುವುದಿಲ್ಲ ಅಷ್ಟೇ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. ಹೀಗಿರುವಾಗ ಉದ್ದದ ಪೀಠಿಕೆ ಬಾರಿಸುವ ಧೈರ್ಯ ಯಾರಿಗಿದೆ? ಜನಪ್ರಿಯ ಹಾಡುಗಳು ಒಂದೇ ಅಚ್ಚಿನಿಂದ ಬರುತ್ತವೆ ಅಂತ ಚಿಂತಕ ಥಿಯೊಡೋರ್ ಅಡೋರ್ನೊ 1941ರಲ್ಲೇ ಬರೆದಿದ್ದರು. ಜಾಝ್ ಬಗ್ಗೆ ಅವರ ತಾತ್ಸಾರ ನನಗೆ ಒಪ್ಪಿಗೆಯಿಲ್ಲ, ಅಚ್ಚಿನ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ. 2024ರಿಂದ ಅದೇ ಸ್ಪಾಟಿಫೈನಲ್ಲಿ, ವರ್ಷದಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಇನ್ನೊಂದು ವಿಷಯ ಹೇಳಿದರೆ ಜನ ನಂಬುವುದೇ ಇಲ್ಲ. ನೀವು ತಿಂಗಳಿಡೀ ಒಬ್ಬ ಗಾಯಕಿಯನ್ನೇ ಕೇಳಿದರೂ ನಿಮ್ಮ ಚಂದಾ ಅವಳಿಗೆ ಹೋಗುವುದಿಲ್ಲ. ಎಲ್ಲರ ಹಣ ಒಂದು ರಾಶಿಗೆ ಬೀಳುತ್ತದೆ. ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಅವರಿಗೆ.

ಕಾಸು ಪಡೆದು ರೇಡಿಯೊದಲ್ಲಿ ಹಾಡು ಹಾಕುತ್ತಿದ್ದ ಪಯೋಲಾ ಪದ್ಧತಿಗೆ ಅಮೆರಿಕ 1960ರಲ್ಲಿ ಕಾನೂನಿನ ಕಡಿವಾಣ ಹಾಕಿತು. ಕಾಸು ಪಡೆದಿದ್ದರೆ ಕೇಳುಗರಿಗೆ ಹೇಳಲೇಬೇಕು. 2020ರಲ್ಲಿ ಸ್ಪಾಟಿಫೈ ‘ಡಿಸ್ಕವರಿ ಮೋಡ್’ ತಂದಿತು. ಇಲ್ಲಿ ಕಾಸು ಕೊಡುವುದಿಲ್ಲ. ಬರಬೇಕಾದ ರಾಯಲ್ಟಿಯಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ ಹಾಡನ್ನು ಹೆಚ್ಚು ಜನರ ಮುಂದೆ ಇಡುತ್ತಾರೆ. ಎರಡಕ್ಕೂ ನಡುವೆ ಎಷ್ಟು ದೂರ ಅಂತ ನೀವೇ ಅಳೆಯಿರಿ.

ನನ್ನ ಬಳಿ ಬರುವವರಿಗೆ ಮಾಸ್ಟರ್ ಹಕ್ಕನ್ನು ಪೂರ್ತಿ ಬರೆದುಕೊಡಬೇಡಿ, ಇಂತಿಷ್ಟು ವರ್ಷ ಅಂತ ಲೈಸೆನ್ಸ್ ಕೊಡಿ ಅನ್ನುತ್ತೇನೆ. ಅದಕ್ಕೆ ಕಂಪನಿ ಒಪ್ಪದಿದ್ದರೆ, ಜಾಹೀರಾತಿಗೂ ರಾಜಕೀಯ ಪ್ರಚಾರಕ್ಕೂ ಹಾಡು ಬಳಸುವ ಮೊದಲು ನಿಮ್ಮ ಲಿಖಿತ ಒಪ್ಪಿಗೆ ಬೇಕು ಎಂಬ ಸಾಲನ್ನಾದರೂ ಸೇರಿಸಿಕೊಳ್ಳಿ. ಬೀಟಲ್ಸ್ ತಂಡದ ‘ರೆವಲ್ಯೂಷನ್’ ಹಾಡು 1987ರಲ್ಲಿ ನೈಕಿ ಶೂ ಜಾಹೀರಾತಿಗೆ ಹೋಯಿತು. ರೆಕಾರ್ಡಿಂಗ್ ಹಕ್ಕು ಇಎಂಐ ಬಳಗದಲ್ಲಿತ್ತು, ಬರೆದ ಹಾಡಿನ ಹಕ್ಕು ಅಷ್ಟರಲ್ಲಿ ಮೈಕಲ್ ಜಾಕ್ಸನ್ ಕೈಯಲ್ಲಿತ್ತು. ಬೀಟಲ್ಸ್ ಕಂಪನಿ ಕೋರ್ಟಿಗೆ ಹೋಯಿತು, ಜಗಳ ಮುಗಿದದ್ದು 1989ರಲ್ಲಿ, ರಾಜಿಯಲ್ಲಿ.