ಕಲ್ಲು ಗಟ್ಟಿ ಇದೆ, ಬಾವಿಯಲ್ಲಿ ನೀರೆಷ್ಟಿದೆ?

ಮೇ ತಿಂಗಳ ಒಂದು ಮಧ್ಯಾಹ್ನ ಬಾಗಲಕೋಟೆ ನವನಗರದ ನನ್ನ ಆಫೀಸಿಗೆ ತಂದೆ, ಮಗ ಬಂದರು. ಆಲಮಟ್ಟಿ ಹಿನ್ನೀರಿಗೆ ಹೊಲ ಹೋಗಿ ಬಂದ ಪರಿಹಾರದ ದುಡ್ಡು ಬ್ಯಾಂಕಿನಲ್ಲಿತ್ತು. ಇಳಕಲ್ ಕಡೆ ಒಂದು ಗ್ರಾನೈಟ್ ಕ್ವಾರಿಯಲ್ಲಿ ಪಾಲು ಸಿಗುತ್ತಿದೆ, ಹಾಕಬಹುದಾ ಅಂತ ಕೇಳಲು ಬಂದಿದ್ದರು. ಮಗ ಚೀಲದಿಂದ ಅಂಗೈಯಗಲದ ಪಾಲಿಶ್ ಕಲ್ಲು ತೆಗೆದು ಮೇಜಿನ ಮೇಲಿಟ್ಟ. ಒಳ್ಳೆ ಗುಲಾಬಿ ಬಣ್ಣ, ಎಲ್ಲೂ ಒಂದು ಗೆರೆ ಇಲ್ಲ.

"ಕಲ್ಲು ಒಂದನೇ ನಂಬರ್ ಐತ್ರಿ ಸಾಹೇಬ್ರ," ಅಂದರು ತಂದೆ.

"ಹೌದ್ರಿ ಯಜಮಾನ್ರ, ಕಲ್ಲು ಚಲೋ ಐತಿ. ಆ ಕ್ವಾರಿ ಸುತ್ತ ಬಾವಿ, ಬೋರು ಎಷ್ಟು ಅದಾವ್ರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

ಭೂವಿಜ್ಞಾನ ಓದಿ, ಗಣಿ ಯೋಜನೆ ತಯಾರಿಸುವ ಕೆಲಸಕ್ಕೆ ಇಳಿದು 24 ವರ್ಷ ಆಯಿತು. ಕಲ್ಲು ಮುಗಿದು ನಿಂತ ಕ್ವಾರಿಗಳನ್ನು ನಾನು ನೋಡಿದ್ದು ಬಹಳ ಕಡಿಮೆ. ನೀರು, ದೂಳು, ಗಡಿ, ಕಾಗದ, ಊರವರ ತಕರಾರು, ಇವುಗಳಿಂದ ನಿಂತವೇ ಜಾಸ್ತಿ. ದುಡ್ಡು ಹಾಕುವವರು ಮಾತ್ರ ಕಲ್ಲಿನ ಬಣ್ಣ ನೋಡಿ ಲೆಕ್ಕ ಹಾಕುತ್ತಾರೆ. ಪರಿಸರದ್ದು ಅಂದರೆ ಯಾರೋ ಏಜೆಂಟ್ ಮಾಡಿಸಿಕೊಡುವ ಒಂದು ಸರ್ಟಿಫಿಕೇಟ್ ಅಂತ ತಿಳಿದಿರುತ್ತಾರೆ.

2011 ನೆನಪಿಸಿಕೊಳ್ಳಿ. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನವೂ ನಿಂತವು. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಗಡಿ ದಾಟಿ ಜಾಸ್ತಿ ಅಗೆದಿದ್ದ ಸಿ ಗುಂಪಿನ ಲೀಸುಗಳು ರದ್ದಾದವು. ಆದರೆ ನನಗೆ ಇವತ್ತಿಗೂ ಮುಖ್ಯ ಅನ್ನಿಸುವುದು ಎ ಗುಂಪಿನ ಕಥೆ. ಅವರ ತಪ್ಪು ಇರಲಿಲ್ಲ, ಇದ್ದರೂ ಸಣ್ಣದು. ಆದರೂ ಅವರ ಗಣಿಗಳೂ ವರ್ಷಕ್ಕಿಂತ ಜಾಸ್ತಿ ಬಂದ್ ಇದ್ದವು. ನನಗೆ ಗೊತ್ತಿದ್ದ ಒಬ್ಬರು ಸಾಲ ಮಾಡಿ ಎರಡು ಟಿಪ್ಪರ್ ತಗೊಂಡು ಅಲ್ಲಿ ಬಾಡಿಗೆಗೆ ಬಿಟ್ಟಿದ್ದರು. ಟಿಪ್ಪರ್ ನಿಂತವು, ಬ್ಯಾಂಕಿನ ಕಂತು ನಿಲ್ಲಲಿಲ್ಲ. ಕೊನೆಗೆ ಊರಿನ ನಾಲ್ಕು ಎಕರೆ ಮಾರಿದರು. ನೀವು ನೆಟ್ಟಗೆ ಇದ್ದರೆ ಸಾಲದು. ಸುತ್ತಲಿನವರು ಇಡೀ ಗುಡ್ಡ ಹಾಳು ಮಾಡಿದರೆ ಅದರ ಬಿಸಿ ನಿಮಗೂ ತಟ್ಟುತ್ತದೆ. ಹಾಗಾಗಿ ಒಂದು ಕ್ವಾರಿ ನೋಡಲು ಹೋದಾಗ ಪಕ್ಕದ ಐದಾರು ಕ್ವಾರಿಗಳನ್ನೂ ನೋಡಿ ಬನ್ನಿ.

ಗೋವಾದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಒಂದೇ ತೀರ್ಪಿಗೆ 88 ಗಣಿ ಲೀಸುಗಳು ರದ್ದಾದವು.

"ಅವು ದೊಡ್ಡ ಗಣಿ, ನಮ್ಮದು ಎರಡು ಎಕರೆ" ಅನ್ನುವವರಿದ್ದಾರೆ. ಹಿಂದೆ ಆ ಮಾತು ನಡೆಯುತ್ತಿತ್ತು. ಐದು ಹೆಕ್ಟೇರಿಗಿಂತ ಸಣ್ಣ ಕ್ವಾರಿಗೆ ಪರಿಸರ ಅನುಮತಿ, ಅಂದರೆ ನಾವು ಇಸಿ ಅನ್ನುತ್ತೇವಲ್ಲ, ಅದು ಬೇಕಿರಲಿಲ್ಲ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಣ್ಣವರಿಗೂ ಬೇಕು ಅಂದಿತು. 2016ರಲ್ಲಿ ಸಣ್ಣ ಕ್ವಾರಿಗಳಿಗೆ ಜಿಲ್ಲಾ ಮಟ್ಟದಲ್ಲೇ ಇಸಿ ಕೊಡುವ ವ್ಯವಸ್ಥೆ ಬಂತು. 2018ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಆಮೇಲೆ ಜಿಲ್ಲೆಯಲ್ಲಿ ಕೊಟ್ಟ ಇಸಿಗಳನ್ನು ರಾಜ್ಯ ಮಟ್ಟದಲ್ಲಿ ಮತ್ತೆ ಪರಿಶೀಲಿಸಬೇಕಾಯಿತು. ಸೀಲು, ಸಹಿ ಎಲ್ಲಾ ಸರಿಯಿದ್ದ ಕಾಗದವನ್ನೇ ಮತ್ತೆ ಒರೆಗೆ ಹಚ್ಚುವ ಪಾಡು ಬಂತು. ಪಾಲು ತಗೊಳ್ಳುವ ಮೊದಲು ಇಸಿ ಯಾವ ವರ್ಷದ್ದು, ಯಾರು ಕೊಟ್ಟದ್ದು ಅಂತ ಕೇಳಿ.

ಇಸಿಯಲ್ಲಿ ವರ್ಷಕ್ಕೆ ಇಷ್ಟೇ ತೆಗೆಯಬೇಕು ಅಂತ ಒಂದು ಅಂಕಿ ಇರುತ್ತದೆ. ಪಾಲುದಾರರು ಓದದೆ ಬಿಡುವ ಸಾಲು ಅದು. 2017ರ ಆಗಸ್ಟ್ 2ರಂದು ಒಡಿಶಾದ ಗಣಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಖಚಿತ ಮಾಡಿತು: ಇಸಿ ಮಿತಿ ದಾಟಿ ತೆಗೆದ ಅದಿರಿನ ಪೂರ್ತಿ ಬೆಲೆಯನ್ನು ಸರ್ಕಾರಕ್ಕೆ ಕಟ್ಟಬೇಕು. ಲಾಭವನ್ನಲ್ಲ, ಪೂರ್ತಿ ಬೆಲೆಯನ್ನು. ಲೆಕ್ಕ ಸುಲಭವಾಗಲಿ ಅಂತ ಹೀಗೆ ಹಿಡಿಯಿರಿ. ಮಿತಿಗಿಂತ 1,000 ಘನ ಮೀಟರ್ ಜಾಸ್ತಿ ತೆಗೆದಿರಿ. ಬೆಲೆ ಘನ ಮೀಟರಿಗೆ 20,000 ರೂಪಾಯಿ, ನಿಮಗೆ ಉಳಿದದ್ದು 4,000. ನೀವು ಗಳಿಸಿದ್ದು 40 ಲಕ್ಷ, ಕಟ್ಟಬೇಕಾದ್ದು 2 ಕೋಟಿ. ಹಳೇ ಪಾಲುದಾರ ಮಾಡಿದ್ದಾದರೂ ಆ ಹೊರೆ ಕ್ವಾರಿಯ ಬೆನ್ನ ಮೇಲೇ ಇರುತ್ತದೆ. ರಾಯಲ್ಟಿ (ತೆಗೆದ ಕಲ್ಲಿಗೆ ಸರ್ಕಾರಕ್ಕೆ ಕಟ್ಟುವ ಹಣ) ಪರ್ಮಿಟ್ಟಿನ ಲೆಕ್ಕವನ್ನೂ ಗುಂಡಿಯ ಅಳತೆಯನ್ನೂ ಹೋಲಿಸಿ ನೋಡದೆ ಯಾರೂ ಸಹಿ ಹಾಕಬೇಡಿ.

ಇನ್ನು ಗಡಿ. ನಮ್ಮ ಜಿಲ್ಲೆಯಲ್ಲಿ ಮುಧೋಳ, ಬೀಳಗಿ ಕಡೆ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. ಲೋಕಾಪುರದ ಸುತ್ತ ಸುಣ್ಣದಕಲ್ಲು, ಡೋಲೊಮೈಟ್ ಇದೆ. ವನ್ಯಜೀವಿಧಾಮದ ಗಡಿಯಿಂದ 1 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಧಾಮಗಳ ಗಡಿ ಬಗ್ಗೆ ಕೊಟ್ಟ 2022ರ ತೀರ್ಪಿನ ಬೇರೆ ಅಂಶಗಳನ್ನು 2023ರ ಏಪ್ರಿಲ್‌ನಲ್ಲಿ ಸಡಿಲ ಮಾಡಿದರೂ ಇದನ್ನು ಸಡಿಲಿಸಲಿಲ್ಲ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಈ ದೂರ ಬರೆದಿರುವುದಿಲ್ಲ. ಅಳೆದೇ ತಿಳಿಯಬೇಕು.

ಬಾವಿಯ ವಿಷಯಕ್ಕೆ ಬರುತ್ತೇನೆ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸುಣ್ಣದಕಲ್ಲಿನ ಗಣಿಗೆ ಯೋಜನೆ ಬರೆದೆ. ಬೇಸಿಗೆಯಲ್ಲಿ ಒಂದೇ ಸಲ ನೀರಿನ ಮಟ್ಟ ನೋಡಿದ್ದೆ, ಈ ಆಳದವರೆಗೆ ನೀರು ಬರುವುದಿಲ್ಲ ಅಂತ ಬರೆದೆ. ಐದನೇ ವರ್ಷ ಗುಂಡಿಗೆ ನೀರು ಬಂತು. ಮಾಲೀಕರು ಹಗಲು ರಾತ್ರಿ ಪಂಪು ಹಚ್ಚಿದರು. ಮುಕ್ಕಾಲು ಕಿಲೋಮೀಟರ್ ದೂರದ ದಾಳಿಂಬೆ ತೋಟದ ಬಾವಿ ಬತ್ತಿತು. ಆ ರೈತ ಆಫೀಸಿನ ಬಾಗಿಲಲ್ಲಿ ನಿಂತು, "ನೀವ ಬರದಿದ್ರಂತಲ್ರಿ" ಅಂದದ್ದು ಮರೆತಿಲ್ಲ.

ಗ್ರಾನೈಟ್ ಸ್ಪಂಜಿನ ಹಾಗೆ ನೀರು ಹಿಡಿಯುವ ಕಲ್ಲಲ್ಲ. ನೀರು ಇರುವುದು ಬಿರುಕಿನಲ್ಲಿ. ನಿಮ್ಮ ಗುಂಡಿ ಆ ಬಿರುಕನ್ನು ಕತ್ತರಿಸಿತು ಅಂದರೆ, ಅದೇ ಬಿರುಕನ್ನು ನಂಬಿದ ಬೋರುಗಳ ನೀರು ಗುಂಡಿಗೆ ಇಳಿಯುತ್ತದೆ. ಪಕ್ಕದ ಹೊಲಕ್ಕೆ ಏನೂ ಆಗದೆ ಅದರಾಚೆಯ ಹೊಲ ಒಣಗಬಹುದು. ಸುಣ್ಣದಕಲ್ಲು ಇನ್ನೂ ಕಷ್ಟ. ನೀರು ಅದನ್ನು ಕರಗಿಸಿ ಒಳಗೆ ಪೊಳ್ಳು ಮಾಡಿರುತ್ತದೆ, ಪಂಪಿನ ಪರಿಣಾಮ ಬಹಳ ದೂರ ಹೋಗುತ್ತದೆ. ಮೊದಲೇ ಮಳೆ ಕಡಿಮೆಯಿರುವ ನಾಡು ನಮ್ಮದು. ಬಾವಿ ಬತ್ತಿದ ರೈತ ಸುಮ್ನೆ ಕೂರುವುದಿಲ್ಲ, ಕೂರಲೂಬಾರದು. ಅವನ ಅರ್ಜಿಯಿಂದ ಕ್ವಾರಿ ನಿಂತರೆ ಅದನ್ನು ಕಿರಿಕಿರಿ ಅನ್ನಬೇಡಿ. ನೀರಿನ ಬೆಲೆಯನ್ನು ನೀವು ಲೆಕ್ಕದಲ್ಲಿ ಹಿಡಿದಿರಲಿಲ್ಲ, ಅಷ್ಟೇ.

ಸ್ಫೋಟದ್ದೂ ಹಾಗೆಯೇ. ನೆಲದ ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲೇ ಮಿತಿ ಹಾಕಿದೆ. ಕಂಪನ ನಿಧಾನದ್ದಾದರೆ, ಅಂದರೆ 8 ಹರ್ಟ್ಸ್‌ಗಿಂತ (ಸೆಕೆಂಡಿಗೆ ಎಂಟು ಸಲ ಅಲುಗುವುದಕ್ಕಿಂತ) ಕಡಿಮೆಯಾದರೆ, ಊರ ಮನೆಗಳ ಹತ್ತಿರ ನೆಲ ಅಲುಗುವ ವೇಗ ಸೆಕೆಂಡಿಗೆ 5 ಮಿಲಿಮೀಟರ್ ದಾಟಬಾರದು. ಹಳೇ ಸ್ಮಾರಕಗಳಿಗೆ ಬರೀ 2. ನಿಧಾನದ ಕಂಪನಕ್ಕೆ ಇಡೀ ಗೋಡೆ ತೂಗುತ್ತದೆ, ಅದಕ್ಕೇ ಈ ಬಿಗಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಇರುವ ಜಿಲ್ಲೆಯಲ್ಲಿ ಈ ಎರಡು ಮಿಲಿಮೀಟರನ್ನು ನಾನು ಬಹಳ ಗಂಭೀರವಾಗಿ ತಗೊಳ್ಳುತ್ತೇನೆ. ಸಾವಿರದ ಮುನ್ನೂರು, ನಾನೂರು ವರ್ಷ ನಿಂತ ಗೋಡೆಯಲ್ಲಿ ಬಿರುಕು ಬಿಟ್ಟರೆ ಯಾರ ಲಾಭದಿಂದ ತುಂಬಿಕೊಡುತ್ತೀರಿ?

ದೊಡ್ಡ ಕಂಪನಿಗಳ ಷೇರು ತಗೊಳ್ಳುವವರಿಗೂ ಒಂದು ಮಾತು. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಹೊದಲ್ಲಿ ವಾಲೆ ಕಂಪನಿಯ ಅದಿರು ತ್ಯಾಜ್ಯದ ಅಣೆಕಟ್ಟು ಒಡೆದು 270 ಜನ ಸತ್ತರು. ಮಾರುಕಟ್ಟೆ ತೆರೆದ ದಿನವೇ ಷೇರಿನ ಬೆಲೆ ಸುಮಾರು ಕಾಲು ಭಾಗ ಬಿತ್ತು. ನಮ್ಮಲ್ಲಿ 2024ರ ಜುಲೈ 25ರಂದು ಸುಪ್ರೀಂ ಕೋರ್ಟ್ ರಾಯಲ್ಟಿ ತೆರಿಗೆಯಲ್ಲ, ರಾಜ್ಯಗಳು ಖನಿಜದ ಮೇಲೆ ತೆರಿಗೆ ಹಾಕಬಹುದು ಅಂದಿತು. 2005ರ ಏಪ್ರಿಲ್ 1ರಿಂದಾಚೆಗಿನ ಬಾಕಿಯನ್ನೂ ಕೇಳಬಹುದು, ಆದರೆ 12 ವರ್ಷದ ಕಂತಿನಲ್ಲಿ ಅಂತ ಮುಂದಿನ ತಿಂಗಳು ಸ್ಪಷ್ಟಪಡಿಸಿತು. ವಾರ್ಷಿಕ ವರದಿ ಓದುವಾಗ ಲಾಭದ ಸಾಲಿಗಿಂತ ಮೊದಲು ಕೋರ್ಟ್ ಕೇಸುಗಳ ಪುಟ ಮತ್ತು ಗಣಿ ಮುಚ್ಚಲು ತೆಗೆದಿಟ್ಟ ಹಣ ನೋಡಿ.

ಆ ತಂದೆ, ಮಗನ ಜೊತೆ ಮರುವಾರ ಕ್ವಾರಿಗೆ ಹೋದೆ. ಒಳಗೆ ವೈರ್ ಸಾ, ಅಂದರೆ ತಂತಿ ಗರಗಸ, ಕಲ್ಲು ಕೊಯ್ಯುತ್ತಿತ್ತು. ನಾವು ಗುಂಡಿಗೆ ಇಳಿಯದೆ ಸುತ್ತಲ ಹೊಲಗಳಿಗೆ ಹೋದೆವು. ಟೇಪಿಗೆ ತೂಕ ಕಟ್ಟಿ ಐದು ಬಾವಿ ಅಳೆದೆವು, ಮಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮೂರನೇ ಬಾವಿಯ ಹತ್ತಿರ ಒಬ್ಬ ಅಜ್ಜಿ ಬಂದು, ಇಷ್ಟು ವರ್ಷದಲ್ಲಿ ಈ ಬಾವಿ ಅಳೆಯೋಕೆ ಬಂದವರು ನೀವೇ ಮೊದಲು ಅಂದಳು. ತಂದೆ ಬಹಳ ಹೊತ್ತು ಬಾವಿಕಟ್ಟೆ ಮೇಲೆ ಕೂತರು. ನೀರಿಗೆ ಹೊಲ ಕೊಟ್ಟು ಬಂದ ಮನುಷ್ಯ, ನೀರಿಲ್ಲದ ಹೊಲ ನೋಡುತ್ತಿದ್ದರು.

ವಾಪಸ್ ಬರುವಾಗ ಕ್ವಾರಿಯವರ ಫೋನ್ ಬಂತು. ಇನ್ನೊಂದು ಪಾರ್ಟಿ ತಯಾರಿದೆ, ಮುಂಗಡ ಇವತ್ತೇ ಹಾಕಿ ಅನ್ನುತ್ತಿದ್ದರು.

"ಮಳಿಗಾಲ ಮುಗೀಲ್ರಿ," ಅಂದರು ತಂದೆ. "ಬನ್ನಿ ಹಬ್ಬ ಆದಮ್ಯಾಲ ಇನ್ನೊಮ್ಮೆ ಆ ಐದೂ ಬಾವಿ ಅಳೀಬೇಕಾಗೇತಿ. ಆಮ್ಯಾಲ ಹೇಳ್ತೀವ್ರಿ."