ಸಾಲಿನ ಕೊನೆಯ ಕಾಣದ ಬೈಟುಗಳು ಮತ್ತು ಗಿಟ್

ಒಂದೇ ಸಾಲನ್ನು ತಿದ್ದಿದ್ದರೂ, ಕಡತಗಳ ಬದಲಾವಣೆಗಳ ದಾಖಲೆಯಿಡುವ ಗಿಟ್‌ನ ಡಿಫ್‌ನಲ್ಲಿ (ಬದಲಾದ ಸಾಲುಗಳನ್ನು ತೋರಿಸುವ ನೋಟ) ಇಡೀ ಕಡತವೇ ಬದಲಾದಂತೆ ಕಂಡರೆ, ಮೊದಲು ಅನುಮಾನಿಸಬೇಕಾದದ್ದು ಸಾಲಿನ ಕೊನೆಯಲ್ಲಿರುವ, ಪರದೆಯ ಮೇಲೆ ಕಾಣದ ಬೈಟುಗಳನ್ನು. ಲಿನಕ್ಸ್ ಮತ್ತು ಇಂದಿನ ಮ್ಯಾಕ್‌ಗಳಲ್ಲಿ ಸಾಲು ಎಲ್‌ಎಫ್ ಎಂಬ ಒಂದೇ ಬೈಟಿನಿಂದ ಮುಗಿಯುತ್ತದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದರ ಸಂಖ್ಯೆ 10. ವಿಂಡೋಸ್ ಅದಕ್ಕೂ ಮುಂಚೆ 13ನೇ ಸಂಖ್ಯೆಯ ಸಿಆರ್ ಅನ್ನು ಇರಿಸುತ್ತದೆ. ಈ ಜೋಡಿ ಟೆಲಿಪ್ರಿಂಟರ್ ಕಾಲದ ಉಳಿಕೆ: ಮುದ್ರಕದ ತಲೆಯನ್ನು ಸಾಲಿನ ಆರಂಭಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಸರಿಸಲು ಇನ್ನೊಂದು ಬೇಕಾಗುತ್ತಿತ್ತು. ಮ್ಯಾಕ್ ಓಎಸ್ 9ರವರೆಗೆ ಬಳಕೆಯಲ್ಲಿದ್ದ ಬರಿಯ ಸಿಆರ್ ಈಗ ಎದುರಾಗುವುದು ಅಪರೂಪ.

ಗಿಟ್‌ಗೆ ಕಡತವೆಂದರೆ ಬೈಟುಗಳ ಸರಣಿ. ಒಂದು ಬೈಟು ಹೆಚ್ಚಾದರೂ ಅದರ ಹ್ಯಾಶ್ (ಬೈಟುಗಳಿಂದ ಲೆಕ್ಕಹಾಕಿದ ಗುರುತು) ಬೇರೆಯಾಗುತ್ತದೆ. ಆದ್ದರಿಂದ ಗಿಟ್ ಎಲ್ಲ ಆವೃತ್ತಿಗಳನ್ನೂ ಇಡುವ ಭಂಡಾರದೊಳಗೆ (ರೆಪಾಸಿಟರಿ) ಎಲ್ಲೆಡೆ ಎಲ್‌ಎಫ್ ಇರಲಿ, ಕೆಲಸದ ಪ್ರತಿಯಲ್ಲಿ ಮಾತ್ರ ಅಗತ್ಯಕ್ಕೆ ತಕ್ಕಂತೆ ಬದಲಾಗಲಿ ಎಂಬುದು ಅದರ ಏರ್ಪಾಡು. ಕೋರ್.ಆಟೋಸಿಆರ್‌ಎಲ್‌ಎಫ್ ಎಂಬ ಸಂರಚನೆಗೆ ಟ್ರೂ ಎಂದು ಕೊಟ್ಟರೆ ಕಡತವನ್ನು ಭಂಡಾರಕ್ಕೆ ಆ್ಯಡ್ ಮಾಡುವಾಗ ಸಿಆರ್ ಕಳಚುತ್ತದೆ, ಕೆಲಸದ ಪ್ರತಿಗೆ ಚೆಕ್‌ಔಟ್ ಮಾಡುವಾಗ ಮರಳಿ ಸೇರುತ್ತದೆ. ಇನ್‌ಪುಟ್ ಎಂದರೆ ಕಳಚುವುದು ಮಾತ್ರ (ಆ ಹೆಸರು ಮೊದಲ ಓದಿಗೆ ಯಾರಿಗೂ ಅರ್ಥವಾಗುವಂಥದ್ದಲ್ಲ); ಫಾಲ್ಸ್ ಎಂದರೆ ಗಿಟ್ ಕೈಹಾಕುವುದಿಲ್ಲ. ಆದರೆ ಈ ಸಂರಚನೆ ಆಯಾ ಯಂತ್ರದಲ್ಲೇ ಉಳಿಯುತ್ತದೆಯೇ ಹೊರತು ಕ್ಲೋನ್ (ಭಂಡಾರದ ನಕಲು) ಜೊತೆ ಸಾಗುವುದಿಲ್ಲ. ತಂಡದಲ್ಲಿ ಒಬ್ಬರು ಅದನ್ನು ಮರೆತರೂ ಸಿಆರ್ ಭಂಡಾರದೊಳಗೆ ನುಸುಳುತ್ತದೆ.

ನಿಯಮ ಭಂಡಾರದಲ್ಲೇ ಇರಬೇಕು, ಅದಕ್ಕಾಗಿಯೇ «.ಗಿಟ್‌ಆಟ್ರಿಬ್ಯೂಟ್ಸ್» ಕಡತವಿದೆ. ಅದರಲ್ಲಿ «* ಟೆಕ್ಸ್ಟ್=ಆಟೋ» ಎಂದು ಬರೆದರೆ, ಗಿಟ್ ಒಳಗಿನ ಬೈಟುಗಳನ್ನು ನೋಡಿ ಪಠ್ಯವೆಂದು ಊಹಿಸಿದ ಕಡತಗಳನ್ನು ಮಾತ್ರ ಪರಿವರ್ತಿಸುತ್ತದೆ, ಮತ್ತು ಈ ನಿಯಮ ವೈಯಕ್ತಿಕ ಸಂರಚನೆಯನ್ನು ಮೀರಿ ನಿಲ್ಲುತ್ತದೆ. ಊಹೆಗೆ ಬಿಡಬಾರದ ಕಡತಗಳೂ ಇವೆ. ಚಿತ್ರಗಳಿಗೆ ಬೈನರಿ ಎಂದೂ, ವಿಂಡೋಸ್‌ನ ಬ್ಯಾಚ್ ಕಡತಗಳಿಗೆ ಇಒಎಲ್=ಸಿಆರ್‌ಎಲ್‌ಎಫ್ ಎಂದೂ, ಶೆಲ್ ಲಿಪಿಗಳಿಗೆ ಇಒಎಲ್=ಎಲ್‌ಎಫ್ ಎಂದೂ ಸ್ಪಷ್ಟವಾಗಿ ನಮೂದಿಸುವುದು ಒಳ್ಳೆಯದು. ಶೆಲ್ ಲಿಪಿಯ ಮೊದಲ ಸಾಲಿನಲ್ಲಿ ಅದನ್ನು ನಡೆಸಬೇಕಾದ ಪ್ರೋಗ್ರಾಮಿನ (ಉದಾಹರಣೆಗೆ ಬ್ಯಾಶ್) ಹೆಸರಿರುತ್ತದೆ; ಆ ಸಾಲಿನ ಕೊನೆಯಲ್ಲಿ ಸಿಆರ್ ಉಳಿದಿದ್ದರೆ ಲಿನಕ್ಸ್ ಅದನ್ನೂ ಹೆಸರಿನ ಭಾಗವೆಂದೇ ಓದಿ, ಬ್ಯಾಶ್ ಬದಲು ಸಿಆರ್ ಅಂಟಿಕೊಂಡ ಬ್ಯಾಶ್ ಎಂಬ ಇಲ್ಲದ ಪ್ರೋಗ್ರಾಮನ್ನು ಹುಡುಕುತ್ತದೆ. ಕಣ್ಣೆದುರೇ ಇರುವ ಬ್ಯಾಶ್ ಸಿಗುತ್ತಿಲ್ಲವೆಂಬ ದೋಷ ಕಲಿಯುವವರನ್ನು ಗಂಟೆಗಟ್ಟಲೆ ಕಾಡುವುದು ಹೀಗೆ.

«.ಗಿಟ್‌ಆಟ್ರಿಬ್ಯೂಟ್ಸ್» ಕಡತವನ್ನು ಸೇರಿಸಿದ ಮಾತ್ರಕ್ಕೆ ಭಂಡಾರದಲ್ಲಿ ಈಗಾಗಲೇ ಇರುವ ಸಿಆರ್ ಮಾಯವಾಗುವುದಿಲ್ಲ. «ಗಿಟ್ ಎಲ್ಎಸ್-ಫೈಲ್ಸ್ --ಇಒಎಲ್» ಆದೇಶವು ಪ್ರತಿ ಕಡತಕ್ಕೂ ಇಂಡೆಕ್ಸ್‌ನಲ್ಲಿ (ಮುಂದಿನ ಕಮಿಟ್‌ಗೆ, ಅಂದರೆ ದಾಖಲಾಗುವ ಬದಲಾವಣೆಗೆ, ಸಿದ್ಧವಾಗಿರುವ ಪ್ರತಿ) ಏನಿದೆ, ಕೆಲಸದ ಪ್ರತಿಯಲ್ಲಿ ಏನಿದೆ ಎಂದು ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಇಂಡೆಕ್ಸ್‌ನಲ್ಲಿ ಸಿಆರ್‌ಎಲ್‌ಎಫ್ ಕಂಡರೆ, ಗಿಟ್ 2.16ರಿಂದ ಲಭ್ಯವಿರುವ «ಗಿಟ್ ಆ್ಯಡ್ --ರೀನಾರ್ಮಲೈಸ್ .» ಚಲಾಯಿಸಿ, ಬೇರಾವ ತಿದ್ದುಪಡಿಯನ್ನೂ ಬೆರೆಸದೆ ಪ್ರತ್ಯೇಕ ಕಮಿಟ್ ಮಾಡಬೇಕು. ಪ್ರತ್ಯೇಕವಾಗಿದ್ದರೆ ಮಾತ್ರ, ಗಿಟ್ 2.23ರಲ್ಲಿ ಬಂದ ಸೌಲಭ್ಯದಿಂದ ಪ್ರತಿ ಸಾಲನ್ನೂ ಕೊನೆಗೆ ಬದಲಿಸಿದವರನ್ನು ಹೇಳುವ ಬ್ಲೇಮ್ ಆದೇಶ ಆ ಒಂದು ಕಮಿಟ್ಟನ್ನು ಬಿಟ್ಟು ನಿಜವಾಗಿ ಸಾಲು ಬರೆದವರನ್ನು ತೋರಿಸಬಲ್ಲದು. ಈ ಶುದ್ಧೀಕರಣಕ್ಕೂ ಮೊದಲು ಕವಲೊಡೆದ ಬ್ರಾಂಚುಗಳನ್ನು ವಿಲೀನಗೊಳಿಸುವಾಗ ಸಾಲುಸಾಲಿಗೂ ಸಂಘರ್ಷ ಏಳುವುದರಿಂದ, ಮರ್ಜ್ ಆದೇಶಕ್ಕೆ «-ಎಕ್ಸ್ ರೀನಾರ್ಮಲೈಸ್» ಆಯ್ಕೆಯನ್ನು ಕೊಡಬೇಕು. ಆಗ ಹೋಲಿಕೆಗೆ ಮುನ್ನವೇ ಎಲ್ಲ ಆವೃತ್ತಿಗಳೂ ಒಂದೇ ರೂಪಕ್ಕೆ ಬರುತ್ತವೆ.